ಮಂಚದ ಕೆಳಗಿನ ಸೀಸೆ

ಗುತ್ತಿಗಾರಿನ ತೋಟಿಗರಿಗೆ ಪಂಪಿನ ಫೂಟ್ ವಾಲ್ವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದು ನೀರನ್ನು ಮೇಲೇರಲು ಬಿಡುತ್ತದೆ, ಹಿಂದಿರುಗಲು ಬಿಡದು. ಅನ್ನನಾಳದ ಅರ್ಬುದಕ್ಕೆ ಶಸ್ತ್ರಕ್ರಿಯೆಯಾದವರ ಮಂಚದ ಕೆಳಗಿರುವ ಸೀಸೆಯ ಕೆಲಸವೂ ಅಂತಹುದೇ.

ಈ ರೋಗಕ್ಕೂ ಅಡಿಕೆಗೂ ನಂಟುಂಟು. ಹೊಗೆಸೊಪ್ಪು ಸೇರದ ತಾಂಬೂಲವೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿ 2004ರಲ್ಲಿ ಪ್ರಕಟಿಸಿತು. ಅಡಿಕೆಯಿಂದಲೇ ಅನ್ನ ಉಣ್ಣುವ ಊರಿಗೆ ಈ ಮಾತು ರುಚಿಸದು. ಆದರೂ ಹೇಳದೆ ವಿಧಿಯಿಲ್ಲ.

ಹಿಂದೆ ಪಕ್ಕೆಲುಬುಗಳನ್ನು ಅಗಲಿಸಿ ಎದೆಯನ್ನು ತೆರೆಯುತ್ತಿದ್ದರು. ಇಂದು ಸಣ್ಣ ರಂಧ್ರಗಳ ಮೂಲಕವೇ ರೋಗಪೀಡಿತ ನಾಳವನ್ನು ಬಿಡಿಸಿ ತೆಗೆದು, ಜಠರವನ್ನು ಕೊಳವೆಯಂತೆ ರೂಪಿಸಿ ಮೇಲಕ್ಕೆಳೆದು ಜೋಡಿಸುವುದುಂಟು. ರೋಗಿಯನ್ನು ಬೋರಲು ಮಲಗಿಸಿ ಹೀಗೆ ಮಾಡಿದ 130 ಪ್ರಸಂಗಗಳ ಅನುಭವವನ್ನು ಕೊಯಮತ್ತೂರಿನ ಡಾ. ಪಳನಿವೇಲು 2006ರಲ್ಲಿ ಪ್ರಕಟಿಸಿದರು. ಗಾಯ ಕಿರಿದಾಯಿತು, ಎದೆಯ ನಳಿಗೆ ಮಾತ್ರ ಉಳಿಯಿತು.

ಎದೆಗೂಡಿನೊಳಗೆ ಗಾಳಿ ಹೊಕ್ಕರೆ, ದ್ರವ ನಿಂತರೆ, ಶ್ವಾಸಕೋಶ ಮುದುಡುತ್ತದೆ. ಅವನ್ನು ಹೊರತರುವ ನಳಿಗೆಯ ತುದಿ ಸೀಸೆಯಲ್ಲಿ ಎರಡು ಸೆಂಟಿಮೀಟರಿನಷ್ಟು ನೀರಿನೊಳಗೆ ಮುಳುಗಿರುತ್ತದೆ. ಗಾಳಿ ಗುಳ್ಳೆಯಾಗಿ ಹೊರಡುತ್ತದೆ. ನೀರೇ ಅದರ ಹಿಂದಾರಿಯನ್ನು ಮುಚ್ಚುತ್ತದೆ. ಹ್ಯಾಂಬರ್ಗಿನ ವೈದ್ಯ ಬ್ಯೂಲಾವ್ 1891ರಲ್ಲಿ ವಿವರಿಸಿದ ಉಪಾಯವಿದು. ಉಸಿರಾಟದೊಡನೆ ನಳಿಗೆಯ ನೀರು ಏರಿಳಿಯುವುದನ್ನು ಕಂಡು ಮನೆಯವರು ಗಾಬರಿಪಡಬೇಕಾಗಿಲ್ಲ. ಆದರೆ ಸೀಸೆಯನ್ನು ರೋಗಿಯ ಎದೆಗಿಂತ ಮೇಲಕ್ಕೆ ಎತ್ತಲೇಬಾರದು; ಎತ್ತಿದರೆ ಅದರೊಳಗಿನದು ಎದೆಗೆ ಮರಳೀತು. ಗುಳ್ಳೆ ಬರುತ್ತಿರುವಾಗ ನಳಿಗೆ ಮಡಿಸಿಹೋಗದಂತೆಯೂ ನೋಡಿಕೊಳ್ಳಬೇಕು.

ಬಣ್ಣದ ಮೇಲೆ ಕಣ್ಣಿರಲಿ. ಮೊದಲು ಕೆಂಪು ಬೆರೆತ ದ್ರವ ಬಂದು, ದಿನಗಳೆದಂತೆ ತಿಳಿಹಳದಿಗೆ ತಿರುಗಿದರೆ ಒಳಿತು. ಆಹಾರ ಆರಂಭವಾದ ಮೇಲೆ ಅದು ಹಾಲಿನಂತೆ ಬೆಳ್ಳಗಾದರೆ, ಅನ್ನನಾಳದ ಮಗ್ಗುಲಲ್ಲೇ ಸಾಗುವ, ಆಹಾರದ ಕೊಬ್ಬನ್ನು ರಕ್ತಕ್ಕೆ ಒಯ್ಯುವ ನಾಳಕ್ಕೆ ಪೆಟ್ಟಾಗಿರಬಹುದು. ಆಗ ಉಂಡ ಸತ್ವವೆಲ್ಲ ಸೀಸೆಗೆ ಸೋರಿ ರೋಗಿ ಸೊರಗುತ್ತಾನೆ. ಕದಡಿದ, ದುರ್ವಾಸನೆಯ ದ್ರವವು ಹೊಸ ಜೋಡಣೆ ಸೋರುತ್ತಿರುವ ಸೂಚನೆಯಾಗಬಹುದು. ಎರಡರಲ್ಲಿ ಯಾವುದು ಕಂಡರೂ ಬೆಳಗಿನ ಭೇಟಿಗಾಗಿ ಕಾಯದೆ ವೈದ್ಯರಿಗೆ ತಿಳಿಸಬೇಕು.

ನಳಿಗೆಯನ್ನು ತೆಗೆಯುವುದು ಯಾವಾಗ? ಶಸ್ತ್ರವೈದ್ಯರಲ್ಲಿ ಇನ್ನೂ ಒಮ್ಮತವಿಲ್ಲ. ಗುಳ್ಳೆ ನಿಂತಿರಬೇಕು, ಕ್ಷಕಿರಣ ಚಿತ್ರದಲ್ಲಿ ಶ್ವಾಸಕೋಶ ಅರಳಿರಬೇಕು, ದ್ರವ ತಿಳಿಯಾಗಿರಬೇಕು. ದಿನಕ್ಕೆ 200 ಮಿಲಿಲೀಟರಿಗೆ ಇಳಿಯಲೆಂದು ಹಲವರು ಕಾಯುತ್ತಾರೆ. ಅವಸರದಿಂದ ತೆಗೆದರೆ ಮತ್ತೆ ಚುಚ್ಚಬೇಕಾದೀತು. ಹಾಗೆಂದು ಅನಗತ್ಯವಾಗಿ ಉಳಿಸುವುದೂ ಜಾಣತನವಲ್ಲ: ನೋವಿಗಂಜಿದ ರೋಗಿ ಕೆಮ್ಮುವುದಿಲ್ಲ, ಕಫ ಉಳಿಯುತ್ತದೆ, ನ್ಯುಮೋನಿಯಾ ಹೊಂಚುತ್ತದೆ.

ತೆಗೆಯುವ ಕೆಲಸ ಮಾತ್ರ ಕ್ಷಣದ್ದು. ಉಸಿರು ಬಿಗಿಹಿಡಿಯಲು ಹೇಳಿ ಸರ್ರನೆ ಎಳೆದು ಗಾಯವನ್ನು ಮುಚ್ಚುತ್ತಾರೆ. ಶ್ವಾಸಕೋಶ ಅರಳಿಯೇ ಇದೆಯೇ ಎಂದು ಮತ್ತೆ ಪರೀಕ್ಷಿಸುತ್ತಾರೆ.