ದೀಪ ದೂರುವ ದೋಷ

ಕಪಿಲೆಯ ದಡದ ಸುತ್ತೂರಿನಲ್ಲಿ ಜಾತ್ರೆ ಹೆಚ್ಚಾಗಿ ನೆರೆಯುವ ಜನವರಿಯ ದಿನಗಳು ಹುರುಳಿಯ ಒಕ್ಕಣೆಯ ದಿನಗಳೂ ಆಗಿರುವುದರಿಂದ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ ಡಾಂಬರು ರಸ್ತೆಯನ್ನೇ ಕಣವಾಗಿಸಿ ಹರಡಿದ ಬಳ್ಳಿಯ ಮೇಲೆ ಕಾರುಗಳು ಹಾದುಹೋಗುವುದು ಸಾಮಾನ್ಯ ದೃಶ್ಯ. ಒಣಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು ಅಲ್ಲಿರುವ ವೇಗಸಂವೇದಕದ ಸಣ್ಣ ತಂತಿಯನ್ನು ಜಗ್ಗಬಲ್ಲುದು. ಗದ್ದೆಬಯಲಿನ ಕೆಸರು ಅದರ ಕನೆಕ್ಟರನ್ನು ಹೊಗಬಲ್ಲುದು. ಆಗ ಚಾಲಕನ ಮುಂದಿನ ಫಲಕದಲ್ಲಿ, ಜಾರುತ್ತಿರುವ ಕಾರಿನ ಚಿತ್ರವುಳ್ಳ ಹಳದಿ ದೀಪವು ಹೊತ್ತಿ ಆರದೆ ನಿಲ್ಲುತ್ತದೆ. ಜಾರುನೆಲದಲ್ಲಿ ಅದೇ ದೀಪವು ಮಿನುಗಿದರೆ ಕಾರು ಜಾರದಂತೆ ತಡೆಯುವ ಸ್ಥೈರ್ಯನಿಯಂತ್ರಣ ವ್ಯವಸ್ಥೆಯು ಕೆಲಸ ಮಾಡುತ್ತಿದೆಯೆಂದೂ, ಸ್ವಿಚ್ಚಿನಿಂದ ನಾವೇ ಅದನ್ನು ನಿಲ್ಲಿಸದಿದ್ದರೂ ಸ್ಥಿರವಾಗಿ ಉರಿದರೆ ಎಲ್ಲಿಯೋ ದೋಷವಿದೆಯೆಂದೂ ತಿಳಿಯಬೇಕು.

1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್-ಬೆಂಜ್ ಸಂಸ್ಥೆಗಳು ಮೊದಲಿಗೆ ಬಳಕೆಗೆ ತಂದ ಈ ಸ್ಥೈರ್ಯನಿಯಂತ್ರಣದ ತತ್ತ್ವ ಸರಳವಾದುದು. ಚಾಲಕನು ಹೋಗಬಯಸಿದ ದಿಕ್ಕನ್ನು ಸ್ಟೀರಿಂಗಿನ ಸಂವೇದಕವೂ, ಕಾರು ನಿಜವಾಗಿ ತಿರುಗುತ್ತಿರುವ ವೇಗವನ್ನು ಅದರ ನಡುವಿನ ಸಂವೇದಕವೂ, ನಾಲ್ಕು ಚಕ್ರಗಳ ಗತಿಯನ್ನು ನಾಲ್ಕು ಸಂವೇದಕಗಳೂ ತಿಳಿಸುತ್ತಿರಲು, ಇಚ್ಛೆಗೂ ಗತಿಗೂ ಭೇದ ಕಂಡೊಡನೆ ಯಂತ್ರವು ತಕ್ಕ ಚಕ್ರಕ್ಕೆ ಮಾತ್ರ ಬ್ರೇಕು ಹಾಕಿ ಮೋಟಾರಿನ ಬಲವನ್ನು ತಗ್ಗಿಸುತ್ತದೆ. 2001ರಲ್ಲಿ ಬೆಂಗಳೂರಿನ ರೇವಾ ವಿದ್ಯುತ್ ಕಾರು ಮಾರುಕಟ್ಟೆಗೆ ಬಂದಾಗ ಅದರಲ್ಲಿ ಈ ವ್ಯವಸ್ಥೆಯಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿಯಾದರೋ ಮೂರು ಅಥವಾ ಹೆಚ್ಚು ನಕ್ಷತ್ರ ಪಡೆಯಲು ಇದು ಅವಶ್ಯ.

ವಿದ್ಯುತ್ ಕಾರಿನಲ್ಲಿ ಇನ್ನೊಂದು ವಿಶೇಷವುಂಟು. ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಮೋಟಾರೇ ವೇಗವನ್ನು ತಗ್ಗಿಸಿ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುವ ಕ್ರಿಯೆಯು ಚಕ್ರಗಳು ಜಾರುತ್ತಿಲ್ಲವೆಂಬ ಭರವಸೆಯನ್ನು ಅವಲಂಬಿಸಿದೆ. ಆ ಭರವಸೆ ತಪ್ಪಿದಾಗ ಅನೇಕ ಕಾರುಗಳು ಈ ಕ್ರಿಯೆಯನ್ನು ಕಡಿಮೆ ಮಾಡುತ್ತವೆ ಅಥವಾ ನಿಲ್ಲಿಸುತ್ತವೆ. ಆದ್ದರಿಂದ ದೀಪ ಹೊತ್ತಿದ ಮೇಲೆ ಕಾರು ರೂಢಿಯಂತೆ ನಿಧಾನವಾಗದಿದ್ದರೆ ಗಾಬರಿಗೊಳ್ಳದೆ ಬ್ರೇಕನ್ನೇ ತುಳಿಯಬೇಕು. ಬ್ರೇಕಿನ ಕೆಂಪು ದೀಪವೂ ಹೊತ್ತಿದರೆ ಮಾತ್ರ ಗಾಡಿಯನ್ನು ಅಲ್ಲಿಯೇ ನಿಲ್ಲಿಸುವುದು ಕ್ಷೇಮ.

ಇನ್ನು ಪರೀಕ್ಷೆಯ ಕ್ರಮ. ಕಾರಿಗೆ ಜೋಡಿಸಿದ ಸ್ಕ್ಯಾನರು ತೋರುವ ದೋಷದ ಸಂಕೇತಸಂಖ್ಯೆಯು ದೂರೇ ಹೊರತು ತೀರ್ಪಲ್ಲ. ಮೊದಲು 12 ವೋಲ್ಟಿನ ಸಣ್ಣ ಬ್ಯಾಟರಿಯನ್ನು ಅಳೆಯಬೇಕು. ಅದು ಬಲಹೀನವಾಗಿದ್ದರೆ ನಿರ್ದೋಷಿಯಾದ ಸಂವೇದಕಗಳ ಮೇಲೂ ಆರೋಪ ಬರುವುದುಂಟು. ಅನಂತರ ಕಾರನ್ನು ನೇರರಸ್ತೆಯಲ್ಲಿ ಮೆಲ್ಲನೆ ಓಡಿಸುತ್ತ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಸ್ಕ್ಯಾನರಿನಲ್ಲಿ ನಾಲ್ಕು ಚಕ್ರಗಳ ವೇಗಗಳನ್ನು ಗಮನಿಸಬೇಕು. ಮೂರು ಚಕ್ರಗಳು ಗಂಟೆಗೆ 20 ಕಿಲೋಮೀಟರೆಂದು ಹೇಳುತ್ತಿರುವಾಗ ಒಂದು ಮಾತ್ರ ಸೊನ್ನೆಗೆ ಬೀಳುತ್ತಿದ್ದರೆ ದೋಷವು ಆ ಚಕ್ರದ ಕಡೆಯಿದೆ. ಸ್ಟೀರಿಂಗಿನ ಕೋನ ಸೊನ್ನೆಯ ಸಮೀಪವಿಲ್ಲದಿದ್ದರೆ, ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಅದನ್ನು ಮತ್ತೆ ಹೊಂದಿಸುವುದನ್ನು ಮರೆತಿರಬಹುದು. ನಿಂತ ಕಾರು ತಿರುಗುತ್ತಿರುವೆನೆಂದು ಹೇಳಿದರೆ ನಡುವಿನ ಸಂವೇದಕವು ಶಂಕಾಸ್ಪದ.

ಶಂಕೆಯ ಚಕ್ರವನ್ನು, ಬ್ಯಾಟರಿಯ ತಳಕ್ಕೆ ಜಾಕು ತಾಗದಂತೆ ನಿಗದಿತ ಸ್ಥಳದಲ್ಲಿ ಎತ್ತಿ ಬಿಚ್ಚಿದರೆ, ಹಬ್ಬಿನ ಪಕ್ಕದಲ್ಲಿ ಎರಡೆಳೆಯ ತಂತಿ ಕಾಣುತ್ತದೆ. ಅದು ಹರಿದಿದೆಯೇ, ಇಲಿ ಕಡಿದಿದೆಯೇ, ಕನೆಕ್ಟರಿನಲ್ಲಿ ಹಸುರು ಕಿಲುಬು ಹಿಡಿದಿದೆಯೇ, ಬೇರಿಂಗಿನ ಕಾಂತದ ಉಂಗುರಕ್ಕೆ ತುಕ್ಕೋ ಕಬ್ಬಿಣದ ಪುಡಿಯೋ ಅಂಟಿದೆಯೇ ಎಂದು ನೋಡಬೇಕು. ಈಗಿನ ಸಂವೇದಕಗಳು ವಿದ್ಯುತ್ತು ಪಡೆದೇ ಕೆಲಸಮಾಡುವಂಥವಾದುದರಿಂದ, ಹಳೆಯ ರೂಢಿಯಂತೆ ಓಮ್ ಅಳೆದು ತೀರ್ಮಾನಿಸುವುದು ಸಲ್ಲದು. ಒಂದೇ ಬಗೆಯವಾಗಿದ್ದರೆ ಎಡಬಲದ ಸಂವೇದಕಗಳನ್ನು ಅದಲುಬದಲು ಮಾಡುವುದೇ ಉತ್ತಮ ಪರೀಕ್ಷೆ: ದೋಷವು ಅದರೊಡನೆ ಸರಿದರೆ ಸಂವೇದಕವೇ ಕೆಟ್ಟಿದೆ, ಸರಿಯದಿದ್ದರೆ ತಂತಿಯೋ ಉಂಗುರವೋ ಕೆಟ್ಟಿದೆ. ಕಿತ್ತಳೆ ಬಣ್ಣದ ಕೇಬಲುಗಳಲ್ಲಿ ನೂರಾರು ವೋಲ್ಟಿನ ವಿದ್ಯುತ್ತು ಹರಿಯುವುದರಿಂದ ಅವುಗಳನ್ನು ತರಬೇತಿಯಿಲ್ಲದವರು ಮುಟ್ಟಲೇಬಾರದು.

ಓದುಗರು ಇಷ್ಟನ್ನು ನೆನಪಿಡಲಿ: ಹೊಸ ಸಂವೇದಕಕ್ಕೆ ಹಣ ತೆರುವ ಮುನ್ನ ನಾಲ್ಕು ಚಕ್ರಗಳ ವೇಗವನ್ನು ಓಡುವ ಕಾರಿನಲ್ಲಿ ತೋರಿಸಿರೆಂದು ಮೆಕ್ಯಾನಿಕ್ಕನ್ನು ಕೇಳಿರಿ, ತೋರಿಸಲೊಪ್ಪದವರಲ್ಲಿ ಕೆಲಸ ಮಾಡಿಸದಿರುವುದೇ ಲೇಸು.