ಮುಯ್ಯಿಯ ಆತಿಥ್ಯ

ತಿಥಿಯನ್ನು ಗೊತ್ತುಮಾಡದೆ ಬರುವವನೇ ಅತಿಥಿ ಎಂದು ನಮ್ಮ ಹಿರಿಯರು ಆ ಶಬ್ದಕ್ಕೆ ಅರ್ಥ ಹೇಳುತ್ತಿದ್ದರು. ನಾನು ಈಗ ಹೇಳಹೊರಟಿರುವ ಅತಿಥಿಗಳಾದರೋ ತಿಥಿ, ವಾರ, ವಿಮಾನದ ವೇಳೆ ಎಲ್ಲವನ್ನೂ ತಿಂಗಳುಗಳ ಮೊದಲೇ ತಿಳಿಸಿ ಬರುವವರು. ತಮಗೆ ಉಣಬಡಿಸಿದವರನ್ನು ಮುಂದೆ ತಮ್ಮಲ್ಲಿಗೆ ಬರಮಾಡಿಕೊಳ್ಳುವ ಒಪ್ಪಂದದ ಮೇಲೆ ಬರುವವರು. ರೋಟರಿ ಸಂಸ್ಥೆಯಲ್ಲಿ ಇದಕ್ಕೆ ‘ಫ್ರೆಂಡ್‌ಶಿಪ್ ಎಕ್ಸ್‌ಚೇಂಜ್’ ಎಂದು ಹೆಸರು. ಮೈತ್ರಿ ವಿನಿಮಯ ಎನ್ನಬಹುದು.

1905ರಲ್ಲಿ ಶಿಕಾಗೋ ನಗರದ ವಕೀಲ ಪಾಲ್ ಹ್ಯಾರಿಸ್ ಮೂವರು ಗೆಳೆಯರೊಡನೆ ಈ ಸಂಸ್ಥೆಯನ್ನು ಆರಂಭಿಸಿದಾಗ ಸಭೆಗಳು ಒಮ್ಮೆ ಒಬ್ಬರ ಕಚೇರಿಯಲ್ಲಿ, ಮತ್ತೊಮ್ಮೆ ಇನ್ನೊಬ್ಬರ ಕಚೇರಿಯಲ್ಲಿ, ಹೀಗೆ ಸರದಿಯಂತೆ ನಡೆಯುತ್ತಿದ್ದವು. ರೋಟರಿ ಎಂಬ ಹೆಸರೇ ಆ ಸರದಿಯಿಂದ ಬಂದದ್ದು. ಮೈತ್ರಿ ವಿನಿಮಯದಲ್ಲಿ ಸರದಿಯು ಕಚೇರಿಯನ್ನು ಬಿಟ್ಟು ಕಡಲಾಚೆಯ ಮನೆಯೊಳಕ್ಕೇ ಹೋಗಿದೆ. ರೋಟರಿಯ ‘ಜಿಲ್ಲೆ’ ಎಂದರೆ ಒಂದು ಪ್ರದೇಶದ ಕ್ಲಬ್ಬುಗಳ ಸಮೂಹ. ಎರಡು ದೇಶಗಳ ಇಂಥ ಎರಡು ಜಿಲ್ಲೆಗಳು ಪತ್ರವ್ಯವಹಾರ ನಡೆಸಿ ಒಂದೊಂದು ತಂಡವನ್ನು ಕಳುಹಿಸುತ್ತವೆ. ದಾರಿಖರ್ಚು ಬಂದವರದು; ಊಟ ವಸತಿ ಮನೆಯವರದು. ಕೆಲವು ದಿನ ಈ ಊರಿನ ಮನೆ, ಕೆಲವು ದಿನ ಮುಂದಿನ ಊರಿನ ಮನೆ.

ಇದು ಉಳ್ಳವರ ಅಗ್ಗದ ಪ್ರವಾಸ ಎಂಬ ಆಕ್ಷೇಪಣೆಯುಂಟು. ವಿಮಾನದ ಟಿಕೀಟನ್ನು ಕೊಳ್ಳಬಲ್ಲವರಿಗೆ ಮಾತ್ರ ಇದು ಸಾಧ್ಯವೆಂಬುದು ನಿಜವೇ. ಆದರೆ ಇದರ ಜೀವಾಳವನ್ನು ನಮ್ಮ ಒಕ್ಕಲಿಗರು ಬಹಳ ಹಿಂದೆಯೇ ಬಲ್ಲರು. ಮದುವೆಯಲ್ಲಿ ಮುಯ್ಯಿ ಓದಿಸುತ್ತಾರೆ. ಅದನ್ನು ಬರೆದಿಟ್ಟುಕೊಂಡು, ಕೊಟ್ಟವರ ಮನೆಯ ಮದುವೆಯಲ್ಲಿ ಹಿಂದಿರುಗಿಸುತ್ತಾರೆ. ಇಂದು ನನ್ನ ಗದ್ದೆಯ ನಾಟಿಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು ಎಂದು ಮುಯ್ಯಾಳುಗಳಾಗಿ ದುಡಿಯುತ್ತಾರೆ. ಇದನ್ನು ಯಾರೂ ವ್ಯಾಪಾರವೆನ್ನುವುದಿಲ್ಲ. ಹಿಂದಿರುಗಿಸುವುದೊಂದು ಬಾಕಿ ಇರುವವರೆಗೆ ನಂಟು ಹರಿಯದು.

ಮುಯ್ಯಾಳಿನ ಲೆಕ್ಕದಲ್ಲಿ ದುಡಿದವರು ಯಾರೆಂಬುದು ಸ್ಪಷ್ಟ. ಮೈತ್ರಿ ವಿನಿಮಯದಲ್ಲಿ ಅದು ಅಷ್ಟು ಸ್ಪಷ್ಟವಲ್ಲ.

ಮೈಸೂರಿನ ನಮ್ಮ ಮನೆಯಲ್ಲಿ ಆಸ್ಟ್ರೇಲಿಯದ ದಂತವೈದ್ಯರೊಬ್ಬರೂ ಅವರ ಪತ್ನಿಯೂ ನಾಲ್ಕು ದಿನ ತಂಗಿದ್ದರು. ನಾನು ಅರಮನೆಯನ್ನು ತೋರಿಸಿದೆ, ಸೋಮನಾಥಪುರಕ್ಕೆ ಕರೆದೊಯ್ದು ಹೊಯ್ಸಳ ಶಿಲ್ಪದ ಬಗ್ಗೆ, ಹಳೆಯ ಅಭ್ಯಾಸಬಲದಿಂದ, ಒಂದು ಗಂಟೆ ಪಾಠವನ್ನೇ ಹೇಳಿದೆ. ಅವರು ಸೌಜನ್ಯದಿಂದ ಕೇಳಿಸಿಕೊಂಡರು. ಆ ಮಹಿಳೆ ಮನಸ್ಸಿಟ್ಟು ಗಮನಿಸಿದ್ದು ಬೇರೆಯೇ ಒಂದು ಸಂಗತಿಯನ್ನು. “ನಿಮ್ಮ ಪತ್ನಿ ಊಟಮಾಡುವುದು ಯಾವಾಗ?” ಎಂದು ಎರಡನೆಯ ದಿನ ಕೇಳಿದರು. ಬಡಿಸುವವರು ಕೊನೆಯಲ್ಲಿ ಉಣ್ಣುವುದು ನಮ್ಮ ಪದ್ಧತಿ ಎಂದು ವಿವರಿಸಿದೆ. ಅವರು ಮರುಮಾತನಾಡದೆ ತಮ್ಮ ತಟ್ಟೆಯನ್ನೆತ್ತಿಕೊಂಡು ಅಡುಗೆಮನೆಗೆ ಹೋದರು. ಉಳಿದೆರಡು ದಿನ ನಾವಿಬ್ಬರು ಗಂಡಸರು ನಾವೇ ಬಡಿಸಿಕೊಂಡು ಉಂಡೆವು. ಒಳಗಿನಿಂದ ನಗು ಕೇಳಿಸುತ್ತಿತ್ತು.

ರೋಟರಿಯು ಸ್ತ್ರೀಯರಿಗೆ ಸದಸ್ಯತ್ವವನ್ನು ತೆರೆದದ್ದು 1989ರಲ್ಲಿ. ಅದಕ್ಕೆ ಮೊದಲು ಅವರು ಸದಸ್ಯರ ಪತ್ನಿಯರು ಮಾತ್ರ. 1924ರಲ್ಲಿ ಮಾರ್ಗರೆಟ್ ಗೋಲ್ಡಿಂಗ್ ಅವರು ಮ್ಯಾಂಚೆಸ್ಟರಿನಲ್ಲಿ ಅಂಥ ಪತ್ನಿಯರಿಗಾಗಿ ‘ಇನ್ನರ್ ವೀಲ್’ ಸಂಸ್ಥೆಯನ್ನು ಸ್ಥಾಪಿಸಿದರು. ಇಂದು ಸ್ತ್ರೀಯರು ಕ್ಲಬ್ಬುಗಳ ಅಧ್ಯಕ್ಷರೂ ಆಗಿದ್ದಾರೆ. ಆದರೂ ನಮ್ಮ ಕಡೆ ಅತಿಥಿಗಳು ಬರುವರೆಂದರೆ ಹಾರ, ಭಾಷಣ, ಬಾವುಟಗಳ ವಿನಿಮಯ ಸಭಾಂಗಣದಲ್ಲಿ. ಐದು ಗಂಟೆಗೆದ್ದು ಇಡ್ಲಿಯ ಪಾತ್ರೆಯನ್ನು ಒಲೆಯ ಮೇಲಿಡುವವರ ಹೆಸರು ಯಾವ ವರದಿಯಲ್ಲಿಯೂ ಬರುವುದಿಲ್ಲ.

ಮರುವರ್ಷ ಮುಯ್ಯಿ ತೀರಿಸುವ ಸರದಿ ಅವರದು. ಆ ದಂತವೈದ್ಯರು ಊಟವಾದೊಡನೆ ತೋಳು ಮಡಿಸಿ ಪಾತ್ರೆ ತೊಳೆಯಲು ನಿಲ್ಲುತ್ತಿದ್ದರು. ನನ್ನಾಕೆಗೆ ಸುಮ್ಮನೆ ಕುಳಿತಿರುವುದೇ ಕಷ್ಟವಾಯಿತು. ಮೂರನೆಯ ದಿನ ಅಲ್ಲಿಯ ಭಾರತೀಯ ಅಂಗಡಿಯೊಂದರಿಂದ ಹುಣಿಸೆಹಣ್ಣು ತರಿಸಿ ಹುಳಿ ಮಾಡಿದಳು. ಪಾತ್ರೆ ಒರೆಸುವ ಕೆಲಸ ನನ್ನ ಪಾಲಿಗೆ ಬಂತು.

ಹಿಂದಿರುಗಿದ ಮೇಲೆ ನಮ್ಮ ಕ್ಲಬ್ಬಿನ ಕಾರ್ಯದರ್ಶಿಗಳಲ್ಲಿ ಒಂದು ಸೂಚನೆಯನ್ನಿಟ್ಟೆ. ಅತಿಥಿಗಳನ್ನು ಇಳಿಸಿಕೊಳ್ಳುವ ಒಪ್ಪಿಗೆಪತ್ರಕ್ಕೆ ಸದಸ್ಯನೊಬ್ಬನ ಸಹಿ ಸಾಲದು, ಅಡುಗೆ ಮಾಡುವವರ ಸಹಿಯೂ ಇರಲಿ ಎಂದೆ. ಅವರು ನಕ್ಕರು, ಆದರೆ ಬರೆದುಕೊಂಡರು. ಮುಂದಿನ ಸಲ ಬಂದ ನಮೂನೆಯಲ್ಲಿ ಎರಡು ಗೆರೆಗಳಿದ್ದವು. ಒಂದರ ಮೇಲೆ ನಾನು ಸಹಿ ಮಾಡಿ, ಕಾಗದವನ್ನು ಅಡುಗೆಮನೆಗೆ ಕಳುಹಿಸಿದೆ. ಅದು ಮರಳಿ ಬರಲು ಎರಡು ದಿನ ಹಿಡಿಯಿತು.