ಹೆಬ್ಬಾಳದ ಸೀಟು: ಹಿಡಿಯುವುದೋ, ಕಾಯುವುದೋ?

ಪಿ.ಯು.ಸಿ. ಮುಗಿಸಿದ ಮಕ್ಕಳಿರುವ ಮನೆಗಳಿಗೆ ಶ್ರಾವಣ ಮಾಸವು ಹಬ್ಬಗಳೊಡನೆ ಒಂದು ಆತಂಕವನ್ನೂ ಹೊತ್ತು ತರುತ್ತದೆ. ಯಲಹಂಕ ಉಪನಗರದ ಅಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಗಳಿಗೆ ಕೃಷಿ ಪದವಿಯ ಮೇಲೆ ಮನಸ್ಸು. ಅದನ್ನು ಬಳ್ಳಾರಿ ರಸ್ತೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿಯೇ ಓದಬೇಕೆಂಬ ಹಟ. ಮೊದಲ ಸುತ್ತಿನಲ್ಲಿ ದೊರೆತದ್ದು ಹಾಸನದ ಕೃಷಿ ಕಾಲೇಜು.

“ಬಂದ ಲಕ್ಷ್ಮಿಯನ್ನು ಒದೆಯಬಾರದಮ್ಮ,” ಎನ್ನುತ್ತಾರೆ ಅಜ್ಜಿ. “ಇನ್ನೊಂದು ಸುತ್ತು ನೋಡೋಣ ಅಪ್ಪಾ,” ಎನ್ನುತ್ತಾಳೆ ಮಗಳು. ತಂದೆಗೆ ಇಬ್ಬರ ಮಾತೂ ಸರಿಯೆಂದೇ ತೋರುತ್ತದೆ. ನಿರ್ಧಾರಕ್ಕೆ ಉಳಿದಿರುವುದು ಕೆಲವೇ ದಿನ.

ಮಗಳ ಹಟಕ್ಕೆ ಕಾರಣವಿಲ್ಲದಿಲ್ಲ. ಹೆಬ್ಬಾಳದ ಕೃಷಿವಿದ್ಯೆಗೆ ನೂರು ವರ್ಷಕ್ಕೂ ಮೀರಿದ ಪರಂಪರೆಯಿದೆ. 1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ನೀಡಿದ 30 ಎಕರೆ ಭೂಮಿಯಲ್ಲಿ, ರಸಾಯನಶಾಸ್ತ್ರಜ್ಞ ಡಾ. ಲೆಹ್ಮನ್ ಅವರ ಮುಂದಾಳ್ತನದಲ್ಲಿ ಪ್ರಯೋಗಕ್ಷೇತ್ರವೊಂದು ಮೊದಲಾಯಿತು. 1913ರಲ್ಲಿ ಕೃಷಿಶಾಲೆ, 1946ರಲ್ಲಿ ಕಾಲೇಜು, 1964ರಲ್ಲಿ ವಿಶ್ವವಿದ್ಯಾಲಯ — ಹೀಗೆ ಬೀಜ ಮರವಾಯಿತು. ಆ ಮರದ ನೆರಳಿಗೆ ಬರಬಯಸುವವರು ಈಗ ನಾಡಿನ ತುಂಬ ಇದ್ದಾರೆ.

ಪ್ರವೇಶದ ಕೀಲಿಯಿರುವುದು ಮಲ್ಲೇಶ್ವರದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ. ಪಿ.ಯು.ಸಿ. ಅಂಕಗಳನ್ನೂ ಸಿ.ಇ.ಟಿ. ಅಂಕಗಳನ್ನೂ ಕೂಡಿಸಿ ರ‍್ಯಾಂಕು ನಿರ್ಣಯಿಸುತ್ತಾರೆ. ಅನಂತರ ವಿದ್ಯಾರ್ಥಿಯು ತನಗೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಬೇಕು. ಇಲ್ಲಿಯೇ ಹಲವು ತಾಯಿತಂದೆಗಳು ಎಡವುವುದು. “ಸಿಗಲಾರದ ಕಾಲೇಜನ್ನು ಮೊದಲು ಬರೆದರೆ, ಸಿಗುವುದೂ ಕೈತಪ್ಪೀತು” ಎಂಬ ಭಯ ಅವರದು. ಅದು ನಿರಾಧಾರ. ಗಣಕಯಂತ್ರವು ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಮೊದಲನೆಯದು ಇಲ್ಲವಾದರೆ ಎರಡನೆಯದು, ಅದೂ ಇಲ್ಲವಾದರೆ ಮೂರನೆಯದು. ಹಾಸನವನ್ನು ತನ್ನ ಪಟ್ಟಿಯಲ್ಲಿ ಮೊದಲು ಬರೆದನೆಂಬ ಮಾತ್ರಕ್ಕೆ, ಹಿಂದಿನ ರ‍್ಯಾಂಕಿನ ಹುಡುಗ ಅದನ್ನು ಈಕೆಯಿಂದ ಕಸಿದುಕೊಳ್ಳಲಾರ. ಆದುದರಿಂದ ಪಟ್ಟಿ ಮನಸ್ಸಿನ ಕ್ರಮದಲ್ಲಿಯೇ ಇರಬೇಕು, ಅಂಜಿಕೆಯ ಕ್ರಮದಲ್ಲಲ್ಲ.

ಸೀಟು ಬಂದ ಮೇಲೆ ನಾಲ್ಕು ದಾರಿಗಳು ತೆರೆಯುತ್ತವೆ. ಒಂದನೆಯದು, ತೃಪ್ತಿಯಿಂದ ಒಪ್ಪಿ ಶುಲ್ಕ ಕಟ್ಟಿ ಕಾಲೇಜು ಸೇರುವುದು. ಮುಂದಿನ ಸುತ್ತಿನ ಮಾತೇ ಇಲ್ಲ. ಎರಡನೆಯದು, ಬಂದದ್ದನ್ನು ಉಳಿಸಿಕೊಂಡೇ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವುದಕ್ಕಾಗಿ ಕಾಯುವುದು. ಮೂರನೆಯದು, ಬಂದದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಇಡೀ ಪ್ರಕ್ರಿಯೆಯಿಂದಲೇ ಹೊರನಡೆಯುವುದು.

ನಮ್ಮ ಹುಡುಗಿಗೆ ಒಪ್ಪುವುದು ಎರಡನೆಯ ದಾರಿ. ಆದರೆ ಅದರಲ್ಲಿಯೂ ಒಂದು ಮುಳ್ಳಿದೆ. ಮೇಲಿನ ಸೀಟು ಬಂದೊಡನೆ ಮೊದಲಿನದು ತಾನಾಗಿ ರದ್ದಾಗುತ್ತದೆ, ಹಿಂದಿರುಗಿ ಬೇಡುವಂತಿಲ್ಲ. ಗೆಳತಿಯರ ಮಾತಿಗೆ ಕಟ್ಟುಬಿದ್ದು ಹಾಸನಕ್ಕಿಂತ ಮೇಲೆ ಮನಸ್ಸಿಗೊಪ್ಪದ ಊರನ್ನು ಬರೆದಿದ್ದರೆ, ಆ ಊರೇ ಗಂಟುಬಿದ್ದೀತು. ಅಂಗೈಯಲ್ಲಿನ ಬೆಣ್ಣೆಯೂ ಹೋದೀತು, ತುಪ್ಪವೂ ದೊರೆಯದಾದೀತು!

ಹಾಗಾದರೆ ಸಂಭವವನ್ನು ಅಳೆಯುವುದು ಹೇಗೆ? ಹಿಂದಿನ ವರ್ಷಗಳ ಕೊನೆಯ ರ‍್ಯಾಂಕುಗಳ ಪಟ್ಟಿಯೇ ಅಳತೆಗೋಲು. ಆದರೆ ಅದನ್ನು ಓದುವುದರಲ್ಲಿ ಜಾಣ್ಮೆ ಬೇಕು. ಇಂಜಿನಿಯರಿಂಗ್ ರ‍್ಯಾಂಕೇ ಬೇರೆ, ಕೃಷಿ ರ‍್ಯಾಂಕೇ ಬೇರೆ. ತನ್ನದೇ ಪ್ರವರ್ಗದ ಸಾಲನ್ನೇ ನೋಡಬೇಕು. ಮೊದಲ ಸುತ್ತಿಗೂ ಎರಡನೆಯ ಸುತ್ತಿಗೂ ಕೊನೆಯ ರ‍್ಯಾಂಕು ಎಷ್ಟು ಸರಿದಿದೆಯೆಂಬುದನ್ನು ಗುರುತಿಸಬೇಕು. ಕೃಷಿ ಸೀಟು ಪಡೆದವರಲ್ಲಿ ಕೆಲವರು ವೈದ್ಯಕೀಯಕ್ಕೆ ಹಾರುತ್ತಾರೆ. ಅವರು ಬಿಟ್ಟುಹೋದ ಸ್ಥಾನಗಳೇ ಹಿಂದಿನವರ ಆಶಾಕಿರಣ. ಒಂದು ವರ್ಷದ ಅಂಕಿಯನ್ನು ವೇದವಾಕ್ಯವೆಂದು ನಂಬದೆ, ಎರಡು ಮೂರು ವರ್ಷಗಳದನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಲೇಸು.

ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆ ಜಮೀನುಳ್ಳ ಮನೆಗಳು ಇನ್ನೊಂದು ಬಾಗಿಲನ್ನು ಮರೆಯಬಾರದು. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿವೆ. ಅದಕ್ಕೆ ತಹಸೀಲ್ದಾರರ ದೃಢೀಕರಣ ಬೇಕು. ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕು. ಬೀಜ, ಗೊಬ್ಬರ, ಉಪಕರಣಗಳನ್ನು ಕಣ್ಣಾರೆ ಕಂಡು ಗುರುತಿಸುವ ಪರೀಕ್ಷೆ ಅದು. ಪೇಟೆಯಲ್ಲಿ ಬೆಳೆದು ನವಣೆಗೂ ಸಾಮೆಗೂ ಭೇದವರಿಯದ ಮಕ್ಕಳಿಗೆ ಅಜ್ಜನ ಹೊಲದಲ್ಲಿ ಕಳೆದ ಒಂದು ಬೇಸಗೆ ಪುಸ್ತಕಕ್ಕಿಂತ ಹೆಚ್ಚು ಕಲಿಸೀತು.

ಯಲಹಂಕದ ಆ ಮನೆಯಲ್ಲಿ ಕೊನೆಗೆ ತಂದೆ ಮಗಳನ್ನು ಕೇಳಬೇಕಾದ ಪ್ರಶ್ನೆ ಒಂದೇ: “ಹೆಬ್ಬಾಳ ಸಿಗದಿದ್ದರೆ ಹಾಸನಕ್ಕೆ ಸಂತೋಷದಿಂದ ಹೋಗುವೆಯಾ ಮಗು?” ಹೌದೆಂದರೆ ಎರಡನೆಯ ದಾರಿಯನ್ನು ಆರಿಸಿ, ನಿಶ್ಚಿಂತೆಯಿಂದ ಕಾಯಬಹುದು. ಹೆಬ್ಬಾಳವಾಗಲಿ ಹಾಸನವಾಗಲಿ, ಪದವಿಯ ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ನೆಲೆಸಿ ರೈತರೊಡನೆ ದುಡಿದು ಕಲಿಯುವುದು ಅವಳಿಗೆ ತಪ್ಪಿದ್ದಲ್ಲ. ಆ ರೈತನು ಕೇಳುವುದು ಬೆಳೆಗೆ ಬಂದ ರೋಗದ ಮದ್ದನ್ನೇ ಹೊರತು, ಅವಳು ಓದಿದ ಕಾಲೇಜಿನ ಹೆಸರನ್ನಲ್ಲ.